ತಾರಸಿಯ ಮೇಲೆ ಹಳೆಯ ಮಂಗಳೂರು ಹಂಚು: ಕರಾವಳಿಯ ಸೆಕೆಗೆ ಅದು ಎಷ್ಟು ಒದಗುತ್ತದೆ?

ಮಂಗಳೂರಿನಲ್ಲಿ ಮನೆಯ ತಾರಸಿಗೆ ಮೇಲೊಂದು ಮಾಡು, ಅಂದರೆ ಛಾವಣಿ, ಬೇಕೆಂದು ಹೊರಟವರಿಗೆ ಎಲ್ಲರಿಂದಲೂ ಸಿಗುವ ಮೊದಲ ಸಲಹೆ ಬಣ್ಣದ ಶೀಟ್. ಶಕ್ತಿನಗರದಲ್ಲಿರುವ ನಮ್ಮ ಎರಡಂತಸ್ತಿನ ಮನೆಗೆ ನಾವು ಅದನ್ನು ಬಿಟ್ಟು, ಕೆಡವಿದ ಹಳೆಯ ಮನೆಯಿಂದ ಬಂದ ಮಂಗಳೂರು ಹಂಚನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಹೊದೆಸಿದೆವು. ಒಂದು ಪೂರ್ತಿ ಬೇಸಿಗೆಯನ್ನೂ ಒಂದು ಪೂರ್ತಿ ಮಳೆಗಾಲವನ್ನೂ ಅದರ ಅಡಿಯಲ್ಲಿ ಕಳೆದ ಮೇಲೆ, ಇಂಥದೇ ಯೋಚನೆಯಲ್ಲಿರುವವರಿಗೆ ಉಪಯೋಗವಾಗಲೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೇಲಂತಸ್ತಿನ ಕೋಣೆಗಳ ರಾತ್ರಿಯ ಸೆಕೆಯನ್ನು ತಗ್ಗಿಸಲು ಮನೆಯ ಮೇಲೆ ಹಾಕಬಹುದಾದ ಹಣದಲ್ಲಿ ಇದು ಅತ್ಯಂತ ಸಾರ್ಥಕವಾದದ್ದು. ಆದರೆ ಗಾಳಿ ಆಡದ ಮನೆಯನ್ನು ಹಂಚು ಉಳಿಸಲಾರದು, ಮತ್ತು ಕಟ್ಟುವ ಕೆಲಸದಲ್ಲಿ ಕೆಲವು ಅಂಶಗಳನ್ನು ಕಡೆಗಣಿಸಿದರೆ ಇದೇ ಹಂಚು ತಲೆನೋವಾಗುತ್ತದೆ.

ಮಾಡಿನಿಂದಲೇ ಏಕೆ ಶುರುಮಾಡಬೇಕು ಎಂಬುದಕ್ಕೆ ಉತ್ತರ ಆಕಾಶದಲ್ಲಿದೆ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೇ ನಿಲ್ಲುತ್ತಾನೆ. ಗೋಡೆಗಳಿಗೆ ಬೆಳಿಗ್ಗೆ ಮತ್ತು ಸಂಜೆಯ ಓರೆಬಿಸಿಲು ಮಾತ್ರ ತಾಗಿದರೆ, ತಾರಸಿ ಬೆಳಗ್ಗಿನಿಂದ ಸಂಜೆಯವರೆಗೂ ಬಿಸಿಲನ್ನು ಪೂರ್ತಿಯಾಗಿ ಹೊರುತ್ತದೆ. ಗಾಳಿಯ ಉಷ್ಣಾಂಶ 34 ಡಿಗ್ರಿ ಇರುವ ದಿನವೂ ಬರಿಯ ಕಾಂಕ್ರೀಟಿನ ಮೇಲ್ಮೈ 50 ಡಿಗ್ರಿಯನ್ನು ದಾಟುತ್ತದೆ. ನಾಲ್ಕೈದು ಇಂಚು ದಪ್ಪದ ಸ್ಲ್ಯಾಬ್ ಆ ಶಾಖವನ್ನು ಹೀರಿಕೊಂಡು ಕೆಲವು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಹಾಗಾಗಿ ಮಧ್ಯಾಹ್ನ ಸಹಿಸಬಹುದಾಗಿದ್ದ ಕೋಣೆ ಊಟ ಮುಗಿಸಿ ಮಲಗುವ ಹೊತ್ತಿಗೆ ಕುದಿಯತೊಡಗುತ್ತದೆ. ಮಾಡು ಹಾಕಿಸುವ ಮೊದಲು ನಮ್ಮ ಮೇಲಿನ ಮಲಗುವ ಕೋಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಸ್ಟೂಲಿನ ಮೇಲೆ ನಿಂತು ಸೀಲಿಂಗಿಗೆ ಅಂಗೈ ಒತ್ತಿದರೆ, ಈಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯ ಹತ್ತಿರ ಕೈ ಹಿಡಿದಂತೆ ಕಾವು ತಾಗುತ್ತಿತ್ತು. ನಮ್ಮ ಚರ್ಮದ ಉಷ್ಣಾಂಶ ಸುಮಾರು 34 ಡಿಗ್ರಿ. ತಲೆಯ ಮೇಲಿನ ಸ್ಲ್ಯಾಬ್ ಅದಕ್ಕಿಂತ ಬಿಸಿಯಾಗಿದ್ದರೆ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಮೈ ಮೇಲಿನಿಂದ ಬರುವ ಕಾವನ್ನು ಪಡೆಯುತ್ತಲೇ ಇರುತ್ತದೆ. ಫ್ಯಾನ್ ಬಿಸಿಗಾಳಿ ಬೀಸುತ್ತದೆ ಎಂದು ನಾವು ದೂರುವುದರ ಹಿಂದೆ ಇರುವುದು ಬಹುತೇಕ ಈ ಸ್ಲ್ಯಾಬ್.

ಕರಾವಳಿಯ ಸೆಕೆ ಬಯಲುಸೀಮೆಯ ಬಿಸಿಲಿನಂಥದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅಂತರ್ಜಾಲದಲ್ಲಿ ಸಿಗುವ ತಂಪು ಮನೆಯ ಸಲಹೆಗಳಲ್ಲಿ ಅರ್ಧದಷ್ಟು ಒಣ ಹವೆಯ ಊರುಗಳಿಗೆ ಹೇಳಿದವು. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಗಾಳಿ ಒಣಗಿರುತ್ತದೆ, ರಾತ್ರಿ ಉಷ್ಣಾಂಶ ಚೆನ್ನಾಗಿ ಇಳಿಯುತ್ತದೆ. ಅಲ್ಲಿ ದಪ್ಪ ಗೋಡೆಯ, ಚಿಕ್ಕ ಕಿಟಕಿಯ ಮನೆ ಹಗಲಿನ ಬಿಸಿಯನ್ನು ತಡೆದು ರಾತ್ರಿಯ ತಂಪನ್ನು ಹಿಡಿದಿಡುತ್ತದೆ, ನೀರಿನ ಕೂಲರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮಲ್ಲಿ ಗಾಳಿಯೇ ನೀರನ್ನು ಹೊತ್ತಿರುತ್ತದೆ, ರಾತ್ರಿಗೂ ಹಗಲಿಗೂ ಉಷ್ಣಾಂಶದ ಅಂತರ ಕಡಿಮೆ, ಬೆವರು ಆರುವುದಿಲ್ಲ. ಕೂಲರ್ ಇಟ್ಟರೆ ಕೋಣೆಯ ತೇವ ಇನ್ನಷ್ಟು ಹೆಚ್ಚಿ ಹಾಸಿಗೆ ಜಿಗುಟಾಗುತ್ತದೆ. ಆದ್ದರಿಂದ ಕರಾವಳಿಯ ಮನೆಗೆ ಎರಡೇ ದಾರಿ: ಬಿಸಿಲು ಕಟ್ಟಡಕ್ಕೆ ತಾಗದಂತೆ ನೆರಳು ಕೊಡುವುದು, ಮತ್ತು ಮೈಗೆ ತಾಗುವಂತೆ ಗಾಳಿ ಹರಿಸುವುದು. ನಮ್ಮ ಗುತ್ತಿನ ಮನೆಗಳ (ತುಳುನಾಡಿನ ಹಳೆಯ ದೊಡ್ಡ ಮನೆತನಗಳ ಮನೆಗಳ) ಇಳಿಜಾರಾದ ದೊಡ್ಡ ಮಾಡು, ಸುತ್ತ ಚಾಚಿದ ಜಗಲಿ, ನಡುವಿನ ಅಂಗಳ, ಮಾಡಿನಡಿಯ ಮರದ ಹಲಗೆಯ ಮುಚ್ಚಿಗೆ ಎಲ್ಲವೂ ಈ ಎರಡು ಕೆಲಸಗಳನ್ನೇ ಮಾಡುತ್ತಿದ್ದವು.

ನಾವು ತೂಗಿ ನೋಡಿದ ಆಯ್ಕೆಗಳಲ್ಲಿ ಶೀಟ್ ಮೊದಲನೆಯದು. ಅದರ ಪರವಾಗಿ ಹೇಳಬೇಕಾದದ್ದು ಬಹಳ ಇದೆ. ಹಗುರ, ಬೇಗ ಮುಗಿಯುತ್ತದೆ, ಸೋರುವುದಿಲ್ಲ, ಸಾಕಷ್ಟು ಎತ್ತರದಲ್ಲಿ ಹಾಕಿ ನಾಲ್ಕೂ ಕಡೆ ತೆರೆದಿಟ್ಟರೆ ಸ್ಲ್ಯಾಬಿಗೆ ನೆರಳನ್ನೂ ಕೊಡುತ್ತದೆ. "ಶೀಟಾದ್ರೆ ಎರಡು ದಿವಸದಲ್ಲಿ ಮುಗಿಸಿ ಕೊಡ್ತೇವೆ ಅಕ್ಕ, ಹಂಚಿಗೆ ಈಗ ಜನ ಎಲ್ಲಿದ್ದಾರೆ?" ಎಂದು ಶೀಟಿನ ಕೆಲಸದವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ತೆಳು ಲೋಹ ಬಿಸಿಲಿಗೆ ಕ್ಷಣದಲ್ಲಿ ಕಾದು ತನ್ನ ಕೆಳಮೈಯಿಂದ ಶಾಖವನ್ನು ಕೆಳಗೆ ಚೆಲ್ಲುತ್ತದೆ. ಗಾಢ ಬಣ್ಣದ ಶೀಟನ್ನು ಪ್ಯಾರಾಪೆಟ್ಟಿನ ಎತ್ತರಕ್ಕೇ ತಗ್ಗಿಸಿ ಹಾಕಿ ಬದಿಗಳನ್ನೂ ಮುಚ್ಚಿದ ಮನೆಗಳ ತಾರಸಿಯಲ್ಲಿ ಮಧ್ಯಾಹ್ನ ನಿಲ್ಲಲಾಗದು. ಇನ್ನು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಶೀಟಿನ ಮೇಲೆ ಬೀಳುವಾಗ ಕೆಳಗಿನ ಕೋಣೆಯಲ್ಲಿ ಫೋನಿನಲ್ಲಿ ಮಾತನಾಡುವುದೂ ಕಷ್ಟ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಎರಡನೆಯದು ಬಿಳಿಬಣ್ಣ. ತಾರಸಿಗೆ ಬಿಸಿಲನ್ನು ಪ್ರತಿಫಲಿಸುವ ಬಿಳಿಯ ಲೇಪ ಬಳಿದರೆ ಹೊಸದಿರುವಾಗ ಅದು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಖರ್ಚು ಕಡಿಮೆ, ಪರಿಣಾಮ ತಕ್ಷಣ. ಆದರೆ ನಮ್ಮ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮೇಲೆ ಹಾವಸೆ ಹಿಡಿದು ಕಪ್ಪಾಗುತ್ತದೆ. ಪ್ರತಿ ವರ್ಷ ದೀಪಾವಳಿಯ ನಂತರ ಉಜ್ಜಿ ತೊಳೆದು, ಬೇಕಾದಲ್ಲಿ ಮತ್ತೆ ಬಳಿಯಲು ತಯಾರಿದ್ದವರಿಗೆ ಇದು ಒಳ್ಳೆಯ ಉಪಾಯ. ಬಾಡಿಗೆ ಮನೆಯಲ್ಲಿರುವವರಿಗೆ, ಅಥವಾ ಸದ್ಯಕ್ಕೆ ದೊಡ್ಡ ಖರ್ಚು ಮಾಡಲಾಗದವರಿಗೆ ನಾನು ಇದನ್ನೇ ಹೇಳುತ್ತೇನೆ. ಬರಿಯ ಸುಣ್ಣವಾದರೂ ಸರಿ, ಏಪ್ರಿಲ್ ಮೇ ತಿಂಗಳುಗಳನ್ನು ಅದು ದಾಟಿಸುತ್ತದೆ.

ಫಾಲ್ಸ್ ಸೀಲಿಂಗ್ ಮಾಡಿಸಿ ಎಂದವರೂ ಇದ್ದರು. ಅದನ್ನು ನಾನು ಯಾರಿಗೂ ಸೂಚಿಸಲಾರೆ. ಶಾಖ ಸ್ಲ್ಯಾಬನ್ನು ದಾಟಿ ಮನೆಯೊಳಗೆ ಬಂದ ಮೇಲೆ ಅದನ್ನು ಹಲಗೆಯ ಹಿಂದೆ ಅಡಗಿಸಿಟ್ಟರೆ ಅದು ಹೊರಗೆ ಹೋದಂತಾಗುವುದಿಲ್ಲ. ಮೇಲಾಗಿ ಕೋಣೆಯ ಎತ್ತರ ಕಡಿಮೆಯಾಗಿ ಫ್ಯಾನಿನ ಗಾಳಿ ಹರಡಲು ಜಾಗ ಸಾಲದು, ಜುಲೈ ತಿಂಗಳಲ್ಲಿ ಜಿಪ್ಸಮ್ಮಿಗೆ ಬೂಷ್ಟು ಹಿಡಿಯುತ್ತದೆ. ಬಿಸಿಲನ್ನು ತಡೆಯಬೇಕಾದದ್ದು ಸ್ಲ್ಯಾಬಿನ ಮೇಲೆಯೇ.

ಹಂಚು ಈ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ಸುಟ್ಟ ಮಣ್ಣು ಲೋಹದಷ್ಟು ಬೇಗ ಕಾಯುವುದಿಲ್ಲ. ಒಂದರ ತುಟಿ ಇನ್ನೊಂದರ ಮೇಲೆ ಕೂರುವಲ್ಲಿ ಉಳಿಯುವ ಸಣ್ಣ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಸೋರಿಹೋಗುತ್ತದೆ. ಮಣ್ಣಿಗೆ ರಂಧ್ರಗಳಿರುವುದರಿಂದ ಮುಂಗಾರಿಗೆ ಮುಂಚಿನ ಒಂದು ಮಳೆ ಬಿದ್ದರೂ ಹಂಚು ನೀರು ಕುಡಿದು, ಮರುದಿನದ ಬಿಸಿಲಿಗೆ ಆ ನೀರು ಆರುವಾಗ ತಾನೂ ತಣಿಯುತ್ತದೆ. ತೆಳುವಾಗಿರುವುದರಿಂದ ಸೂರ್ಯ ಮುಳುಗಿದ ಮೇಲೆ ಸ್ಲ್ಯಾಬಿನಂತೆ ಗಂಟೆಗಟ್ಟಲೆ ಶಾಖವನ್ನು ಇಟ್ಟುಕೊಳ್ಳುವುದಿಲ್ಲ. ಇದೆಲ್ಲವೂ ಹಂಚಿಗೂ ಸ್ಲ್ಯಾಬಿಗೂ ನಡುವೆ ಗಾಳಿ ಓಡಾಡಿದರೆ ಮಾತ್ರ ನಿಜ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಹಂಚು ಊರಿನ ಹೆಸರು ಹೊತ್ತು ಸಮುದ್ರ ದಾಟಿ ಹೋಯಿತು. ಇಂದು ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಹೊಸ ಹಂಚು ಈಗಲೂ ಸಿಗುತ್ತದೆಯಾದರೂ ನಾವು ಹಳೆಯದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಬೆಲೆಯೊಂದೇ ಅಲ್ಲ. ಹಂಚಿಗೆ ಜೇಡಿ ಅಗೆಯಬೇಕು, ಅದನ್ನು ಸುಡಲು ಉರುವಲು ಬೇಕು. ಹಳೆಯ ಹಂಚಿನ ಮಟ್ಟಿಗೆ ಆ ಮಣ್ಣಿನ, ಆ ಬೆಂಕಿಯ ಖರ್ಚು ಎಂದೋ ಆಗಿಹೋಗಿದೆ. ಊರಿನಲ್ಲಿ ದಿನವೂ ಹಂಚಿನ ಮನೆಗಳು ಕೆಳಗುರುಳುತ್ತಿರುವಾಗ, ಇನ್ನೂ ಹಲವು ದಶಕ ಬಾಳಬಲ್ಲ ಹಂಚು ತಗ್ಗು ತುಂಬಿಸುವ ಮಣ್ಣಿನ ಜೊತೆ ಸೇರುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೆಡವಿದ ಮನೆಗಳ ಬಾಗಿಲು, ಕಿಟಕಿ, ಮರ, ಹಂಚು ಮಾರುವ ಜಾಗಗಳು ಮಂಗಳೂರು ಮತ್ತು ಉಡುಪಿಯ ಹೊರವಲಯದಲ್ಲಿ ಸಾಕಷ್ಟಿವೆ. ಅಲ್ಲಿಗೆ ಹೋಗುವಾಗ ಹಂಚಿನ ಕೆಲಸ ಬಲ್ಲವರೊಬ್ಬರನ್ನು ಕರೆದುಕೊಂಡೇ ಹೋಗಿ. ನಮ್ಮ ಜೊತೆ ಬಂದ ಹಿರಿಯ ಮೇಸ್ತ್ರಿ ರಾಶಿಯಿಂದ ಒಂದೊಂದೇ ಹಂಚನ್ನು ಎತ್ತಿ, ಎರಡು ಬೆರಳಿನಲ್ಲಿ ಮೂಲೆ ಹಿಡಿದು ನೇತಾಡಿಸಿ, ಇನ್ನೊಂದು ಕೈಯ ಬೆರಳಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಠಣ್ಣೆಂದು ನಿನಾದ ಬಂದರೆ ಬಲಕ್ಕೆ, ಸತ್ತ ಸದ್ದು ಬಂದರೆ ಎಡಕ್ಕೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಸದ್ದು ಸರಿಯಿದ್ದರೂ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಹಂಚನ್ನು ಸಿಮೆಂಟು ನೆಲದ ಮೇಲಿಟ್ಟು ಮೂಲೆ ಒತ್ತಿ ಅಲುಗುತ್ತದೆಯೇ ನೋಡಿದರು, ತಿರುಗಿಸಿ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಕಚ್ಚಿಕೊಳ್ಳುವ ಉಬ್ಬುಗಳು ಮುರಿದಿಲ್ಲವಷ್ಟೇ ಎಂದು ಬೆರಳಾಡಿಸಿದರು, ಹಿಂಬದಿಯಲ್ಲಿ ಅಚ್ಚಾಗಿದ್ದ ಕಾರ್ಖಾನೆಯ ಹೆಸರನ್ನು ಓದಿದರು. "ಬೇರೆ ಬೇರೆ ಫ್ಯಾಕ್ಟರಿದ್ದು ಬೆರೆಸಿದ್ರೆ ಕೂರುವುದಿಲ್ಲ ಅಕ್ಕ, ಮಳೆಗೆ ಗೊತ್ತಾಗ್ತದೆ" ಎಂದರು. ನೋಡಲು ಒಂದೇ ರೀತಿ ಇದ್ದರೂ ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಕೂದಲಷ್ಟು ವ್ಯತ್ಯಾಸವಿರುತ್ತದೆ, ಆ ವ್ಯತ್ಯಾಸ ಸಾಲುಸಾಲಾಗಿ ಸೇರಿ ಮಾಡಿನ ಮೇಲ್ತುದಿಯ ಹೊತ್ತಿಗೆ ಬೆರಳು ತೂರುವಷ್ಟಾಗುತ್ತದೆ. ಹಾಗಾಗಿ ಒಂದೇ ಮನೆಯಿಂದ ಬಂದ, ಒಂದೇ ಕಾರ್ಖಾನೆಯ ರಾಶಿಯನ್ನೇ ಕೊಳ್ಳಬೇಕು. ಚದರ ಮೀಟರಿಗೆ ಸುಮಾರು 15 ಹಂಚು ಬೇಕಾಗುತ್ತದೆ. ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚಿಗೆ ತಂದರೆ ಒಳ್ಳೆಯದು, ಸಾಗಿಸುವಾಗ ಒಂದಿಷ್ಟು ಒಡೆದೇ ಒಡೆಯುತ್ತವೆ. ಆಮೇಲೆ ಅದೇ ಜೊತೆಯ ಹಂಚು ಹುಡುಕಿದರೂ ಸಿಗದು.

ಕೊಂಡ ಹಂಚನ್ನು ತೊಳೆಯುವುದು ಬೇಸರದ ಕೆಲಸ. ದಶಕಗಳ ಹಾವಸೆ, ಮಸಿ, ಜೇಡನ ಗೂಡು ಎಲ್ಲವನ್ನೂ ತೆಂಗಿನ ನಾರಿನ ಬ್ರಶ್ಶಿನಿಂದ ಉಜ್ಜಬೇಕು. ಬಣ್ಣ ಹೊಡೆಯಿರಿ ಎಂಬ ಸಲಹೆ ಬಂದರೆ ಕೇಳಬೇಡಿ, ಬಣ್ಣ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಚೌಕಟ್ಟಿನ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ಮೊದಲು ತೂಕ. ಒಣಗಿದ ಹಂಚಿನ ಮಾಡು ಚದರ ಮೀಟರಿಗೆ 40 ಕಿಲೋ ಹತ್ತಿರ ತೂಗುತ್ತದೆ, ನೆನೆದಾಗ ಇನ್ನಷ್ಟು. ಶೀಟಿನ ತೂಕಕ್ಕೆ ಇದು ಏಳೆಂಟು ಪಟ್ಟಾದರೂ ಆಗುತ್ತದೆ. ಆದ್ದರಿಂದ ಎಂಜಿನಿಯರ್ ಒಬ್ಬರಿಗೆ ಮನೆ ತೋರಿಸದೆ ಈ ಕೆಲಸಕ್ಕೆ ಕೈಹಾಕಬಾರದು. ನಮ್ಮ ಕಂಬಗಳನ್ನು ಸ್ಲ್ಯಾಬಿನ ನಡುವೆ ಎಲ್ಲೆಂದರಲ್ಲಿ ನಿಲ್ಲಿಸದೆ ಕೆಳಗಿನ ಪಿಲ್ಲರುಗಳ ನೇರಕ್ಕೇ ನಿಲ್ಲಿಸಲಾಯಿತು. ಇಳಿಜಾರು 30 ಡಿಗ್ರಿಯ ಆಸುಪಾಸಿನಲ್ಲಿದೆ. ನೋಟಕ್ಕೆ ಚಪ್ಪಟೆಯಾಗಿರಲಿ ಎಂದು ಇದನ್ನು ತಗ್ಗಿಸಿದರೆ ಗಾಳಿಯೊಡನೆ ನುಗ್ಗುವ ಮಳೆನೀರು ಹಂಚಿನ ಸಂದಿನಲ್ಲಿ ಹಿಂದಕ್ಕೆ ಏರಿ ಒಳಗೆ ಬೀಳುತ್ತದೆ. ರೀಪುಗಳ ಅಂತರವನ್ನು ಪುಸ್ತಕದ ಲೆಕ್ಕದಿಂದ ಇಡದೆ, ಕೊಂಡ ಹಂಚನ್ನೇ ಜೋಡಿಸಿ ಅಳೆದು ಗುರುತು ಹಾಕಿಸಿದ್ದು ಮೇಸ್ತ್ರಿಯ ಜಾಣತನ. ಪಕ್ಕಾಸು (ರೀಪುಗಳನ್ನು ಹೊರುವ ಇಳಿಜಾರು ತೊಲೆ) ಮತ್ತು ರೀಪುಗಳಿಗೆ ಗ್ಯಾಲ್ವನೈಸ್ ಮಾಡಿದ ಕಬ್ಬಿಣ ಬಳಸಿ, ವೆಲ್ಡ್ ಮಾಡಿದ ಪ್ರತಿಯೊಂದು ಜಾಗಕ್ಕೂ ಸತುವಿನ ಬಣ್ಣ ಹಚ್ಚಿಸಿದೆವು. ಉಪ್ಪುಗಾಳಿಯ ಊರಿನಲ್ಲಿ ತುಕ್ಕು ಶುರುವಾಗುವುದು ಅಲ್ಲಿಂದಲೇ.

ಮಾಡಿನ ಕೆಳಅಂಚು ಪ್ಯಾರಾಪೆಟ್ಟಿಗಿಂತ ಸಾಕಷ್ಟು ಮೇಲಿದೆ, ಪಶ್ಚಿಮ ಮತ್ತು ಪೂರ್ವದ ಬದಿಗಳು ಪೂರ್ತಿ ತೆರೆದಿವೆ. ಮಧ್ಯಾಹ್ನದ ನಂತರ ಕಡಲಿನಿಂದ ಪಶ್ಚಿಮದ ಗಾಳಿ ಬರುತ್ತದೆ, ನಸುಕಿನಲ್ಲಿ ನೆಲದ ಕಡೆಯಿಂದ ಪೂರ್ವದ ಗಾಳಿ. ಎರಡಕ್ಕೂ ತಾರಸಿಯ ಮೇಲೆ ಅಡ್ಡಿಯಿಲ್ಲದ ದಾರಿ ಇರಬೇಕೆಂಬುದು ನಮ್ಮ ಮುಖ್ಯ ಬೇಡಿಕೆಯಾಗಿತ್ತು. ಎರಡು ತುದಿಗಳ ತ್ರಿಕೋನಗಳಿಗೆ ಗೋಡೆ ಕಟ್ಟದೆ ಮಣ್ಣಿನ ಜಾಲಂದ್ರ ಕೂರಿಸಿದ್ದೇವೆ, ಮೇಲೆ ಸೇರುವ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತದೆ. ಜಾಲಂದ್ರದ ಹಿಂದೆ ಬಾವಲಿ ಬರದಂತೆ ಬಲೆ ಇದೆ.

ಪರಿಣಾಮ ಮೊದಲ ಏಪ್ರಿಲಿನಲ್ಲೇ ತಿಳಿಯಿತು. ರಾತ್ರಿ ಸೀಲಿಂಗಿಗೆ ಕೈಯಿಟ್ಟರೆ ಈಗ ಗೋಡೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದೆ ಮೇಲಿನ ಕೋಣೆಯಲ್ಲಿ ಮಲಗಲಾಗದೆ ಕೆಳಗೆ ಹಾಲಿನಲ್ಲಿ ಚಾಪೆ ಹಾಸುತ್ತಿದ್ದ ಅತ್ತೆಯವರು ಬೇಸಿಗೆಯಿಡೀ ತಮ್ಮ ಕೋಣೆಯಲ್ಲೇ ಮಲಗಿದರು. ನಮ್ಮ ಕೋಣೆಯಲ್ಲಿ ಎಸಿ ಇದೆ, ಅದನ್ನು ತೆಗೆಸಿಲ್ಲ. ಮೇ ತಿಂಗಳ ಮಧ್ಯದಲ್ಲಿ ಮೋಡ ಕವಿದು, ಗಾಳಿ ನಿಂತು, ಮಳೆಯೂ ಬಾರದ ಕೆಲವು ರಾತ್ರಿಗಳಿರುತ್ತವೆ. ಗಾಳಿಯಿಂದ ತೇವವನ್ನು ಹಿಂಡಿ ತೆಗೆಯುವ ಶಕ್ತಿ ಎಸಿಗೆ ಇದೆ, ಆ ಕೆಲಸವನ್ನು ಹಂಚು ಮಾಡಲಾರದು. ಆದರೆ ಎಸಿ ಈಗ ಸ್ಲ್ಯಾಬಿನ ಕಾವಿನೊಡನೆ ಹೋರಾಡಬೇಕಾಗಿಲ್ಲ, ಮಲಗುವಾಗ ಸ್ವಲ್ಪ ಹೊತ್ತು ಹಾಕಿ ನಿಲ್ಲಿಸಿದರೆ ಸಾಕು. ಮೆಸ್ಕಾಂನ ವಿದ್ಯುತ್ ಬಿಲ್ಲಿನಲ್ಲಿ ಬೇಸಿಗೆಯ ತಿಂಗಳುಗಳ ಏರಿಕೆ ಮೊದಲಿನಷ್ಟಿಲ್ಲ.

ಮಳೆಗಾಲದಲ್ಲಿ ಬೇರೊಂದು ಲಾಭ ಸಿಕ್ಕಿತು. ಬಟ್ಟೆ ಒಣಗಿಸಲು ಗಾಳಿಯಾಡುವ ದೊಡ್ಡ ಜಾಗ, ಮಕ್ಕಳಿಗೆ ಆಡಲು ನೆರಳಿನ ಅಂಗಳ. ಜೋರಾದ ಗಾಳಿಮಳೆಗೆ ಸಂದುಗಳಿಂದ ಮಂಜಿನಂಥ ಹನಿ ಒಳಗೆ ಬರುವುದುಂಟು. ಕೆಳಗೆ ಸ್ಲ್ಯಾಬ್ ಇರುವುದರಿಂದ ಅದರಿಂದ ತೊಂದರೆಯಿಲ್ಲ, ಆದರೆ ಮರದ ಪೀಠೋಪಕರಣ, ಪುಸ್ತಕ ಇಡುವ ಜಾಗವಾಗಿ ಇದನ್ನು ಬಳಸಲಾಗದು.

ಹಂಚು ಮಾಡಲಾರದ್ದನ್ನು ಕಿಟಕಿಗಳು ಮಾಡಬೇಕು, ಮತ್ತು ಇಲ್ಲಿ ನಮ್ಮ ಊರಿಗೇ ವಿಶೇಷವಾದ ಒಂದು ತೊಡಕಿದೆ. ಕಡಲಗಾಳಿ ಬರುವುದೂ ಪಶ್ಚಿಮದಿಂದ, ಸಂಜೆಯ ಸುಡುಬಿಸಿಲು ಬರುವುದೂ ಪಶ್ಚಿಮದಿಂದ. ಕಿಟಕಿ ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಬಿಸಿಲು ಹಾಸಿಗೆಯವರೆಗೆ ಬರುತ್ತದೆ. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಎರಡಡಿಯ ಸನ್‌ಶೇಡ್ ಅಲ್ಲಿ ನಿಷ್ಪ್ರಯೋಜಕ. ನಾವು ಪಶ್ಚಿಮದ ಕಿಟಕಿಗಳ ಹೊರಗೆ ಬಿದಿರಿನ ತಟ್ಟಿಯನ್ನು ಗೋಡೆಯಿಂದ ಒಂದಡಿ ದೂರಕ್ಕೆ ಇಳಿಬಿಟ್ಟಿದ್ದೇವೆ. ಬಿಸಿಲು ತಟ್ಟಿಗೆ ತಾಗಿ ನಿಲ್ಲುತ್ತದೆ, ಗಾಳಿ ಬದಿಗಳಿಂದಲೂ ಸಂದುಗಳಿಂದಲೂ ಒಳಗೆ ಬರುತ್ತದೆ. ಒಳಗೆ ದಪ್ಪ ಪರದೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಪರದೆಗೆ ತಾಗಿದ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂಬ ನಂಬಿಕೆಯೂ ನಮ್ಮ ಅಕ್ಷಾಂಶಕ್ಕೆ ಸರಿಹೊಂದುವುದಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಜೂನಿನಿಂದ ಮೋಡವಿರುತ್ತದೆ ನಿಜ, ಆದರೆ ಮೇ ತಿಂಗಳಿಗಾದರೂ ಉತ್ತರದ ಕಿಟಕಿಗೆ ನೆರಳು ಬೇಕು.

ಕೇಂದ್ರ ವಿದ್ಯುತ್ ಸಚಿವಾಲಯ 2018ರ ಡಿಸೆಂಬರಿನಲ್ಲಿ ಹೊರತಂದ ಇಕೋ ನಿವಾಸ ಸಂಹಿತೆ ಎಂಬ ವಸತಿ ಕಟ್ಟಡಗಳ ನಿಯಮಾವಳಿಯಲ್ಲಿ, ನಮ್ಮಂಥ ಬಿಸಿ ಮತ್ತು ತೇವದ ಹವೆಯ ಊರುಗಳಲ್ಲಿ ತೆರೆಯಬಹುದಾದ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಆರನೆಯ ಒಂದು ಭಾಗವಾದರೂ ಇರಬೇಕೆಂದು ಹೇಳಿದೆ. ಒಣ ಬಿಸಿಲಿನ ಊರುಗಳಿಗೆ ಅದೇ ನಿಯಮ ಹತ್ತನೆಯ ಒಂದು ಭಾಗ ಸಾಕೆನ್ನುತ್ತದೆ. ತೆರೆಯಬಹುದಾದ ಎಂಬುದನ್ನು ಗಮನಿಸಬೇಕು. ಸರಿಸುವ ಗಾಜಿನ ಕಿಟಕಿ ಎಷ್ಟೇ ದೊಡ್ಡದಿದ್ದರೂ ತೆರೆಯುವುದು ಅರ್ಧ ಮಾತ್ರ. ಹೊಸ ಮನೆಗಳಲ್ಲಿ ಎಲ್ಲರೂ ಅದನ್ನೇ ಹಾಕಿಸುತ್ತಿರುವುದು, ಬಾಗಿಲ ಮೇಲಿನ ವೆಂಟಿಲೇಟರುಗಳನ್ನು ಕೈಬಿಡುತ್ತಿರುವುದು ನನಗೆ ಅರ್ಥವಾಗದ ಸಂಗತಿ. ಅದೇ ಸಂಹಿತೆ ಛಾವಣಿಯ ಮೂಲಕ ಹರಿಯುವ ಶಾಖಕ್ಕೆ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವಾಟಿನ ಮಿತಿ ಇಟ್ಟಿದೆ. ಬರಿಯ ಕಾಂಕ್ರೀಟ್ ಸ್ಲ್ಯಾಬ್ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ.

ಫ್ಯಾನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮೈಮೇಲೆ ಮೆಲ್ಲಗೆ ಗಾಳಿ ಹರಿದರೂ ಉಷ್ಣಾಂಶ ಎರಡು ಮೂರು ಡಿಗ್ರಿ ಇಳಿದಂತೆ ಅನಿಸುತ್ತದೆ. ಹಳೆಯ ಫ್ಯಾನ್ 70ರಿಂದ 80 ವಾಟ್ ಎಳೆಯುವಲ್ಲಿ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನ್ 30 ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ವರ್ಷದ ಬಹುಪಾಲು ರಾತ್ರಿ ಫ್ಯಾನ್ ತಿರುಗುವ ಊರು ನಮ್ಮದಾದ್ದರಿಂದ ಬದಲಾಯಿಸುವುದು ಲಾಭವೇ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಗುರುತು ಕಡ್ಡಾಯವಾಗಿರುವುದರಿಂದ ಆಯ್ಕೆ ಸುಲಭ.

ಇನ್ನು ಹಂಚಿನ ತೊಂದರೆಗಳು. ಮೊದಲನೆಯದು ಗಾಳಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡು ಹೋದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾರಸಿಯ ಎತ್ತರದಲ್ಲಿ, ನಾಲ್ಕು ಕಡೆ ತೆರೆದ ಮಾಡಿಗೆ ಗಾಳಿ ಕೆಳಗಿನಿಂದ ನುಗ್ಗಿ ಹಂಚನ್ನು ಮೇಲಕ್ಕೆತ್ತುತ್ತದೆ. ಅಂಚಿನ ಸಾಲುಗಳ ಪ್ರತಿ ಹಂಚನ್ನೂ ತುಕ್ಕು ಹಿಡಿಯದ ತಂತಿಯಿಂದ ರೀಪಿಗೆ ಬಿಗಿಯಬೇಕೆಂದು ನಾವು ಮೊದಲೇ ಹೇಳಿದ್ದೆವು. ಆದರೆ ಹೊದೆಸುವ ಕೆಲಸ ವಹಿಸಿಕೊಂಡಿದ್ದ ಗುತ್ತಿಗೆದಾರರು ಕೊನೆಯ ದಿನದ ಅವಸರದಲ್ಲಿ ದಕ್ಷಿಣದ ಅಂಚನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಮುಂಗಾರಿನ ಮುಂಚಿನ ಗಾಳಿಗೆ ಅಲ್ಲಿಯ ಒಂದು ಸಾಲು ಜಾರಿತು. ಕೆಳಗೆ ಯಾರೂ ಇರಲಿಲ್ಲ ಎಂಬುದೇ ಸಮಾಧಾನ. ಕರೆದ ಮೇಲೆ ಬಂದು ಕಟ್ಟಿಕೊಟ್ಟರು, ಆದರೆ ಹಲವು ಫೋನುಗಳ ನಂತರ. ಕೊನೆಯ ಕಂತು ಕೊಡುವ ಮೊದಲು ಏಣಿ ಹತ್ತಿಸಿ ಅಂಚಿನ ತಂತಿಗಳನ್ನು ಒಂದೊಂದಾಗಿ ನೋಡಿಸಿ.

ಎರಡನೆಯದು ಮಂಗಗಳು. ಹತ್ತಿರದಲ್ಲಿ ಹಲಸು, ಮಾವು ಇರುವ ಬಡಾವಣೆಗಳಲ್ಲಿ ಮಂಗಗಳ ಹಿಂಡು ಹಾದುಹೋದರೆ ಕೆಲವು ಹಂಚು ಸರಿಯುವುದು ಖಚಿತ, ಒಡೆಯುವುದೂ ಉಂಟು. ತೆಂಗಿನಮರ ಮಾಡಿನ ಮೇಲೆ ಬಾಗಿದ್ದರೆ ಹಂಚಿನ ಯೋಚನೆಯನ್ನೇ ಬಿಡಬಹುದು. ಮೂರನೆಯದು ಜನ. ಹಂಚು ಹೊದೆಸಲು, ವರ್ಷಕ್ಕೊಮ್ಮೆ ಮಾಡು ಹತ್ತಿ ಸರಿದದ್ದನ್ನು ಕೂರಿಸಲು, ಕಸ ಗುಡಿಸಲು ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಇರುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಈ ಕೌಶಲಕ್ಕೆ ತಕ್ಕ ಕೂಲಿ ಕೊಟ್ಟರೆ ಮಾತ್ರ ಹೊಸಬರು ಬಂದಾರು, ಚೌಕಾಸಿ ಮಾಡುವ ಜಾಗ ಇದಲ್ಲ. ಖರ್ಚಿನ ಮಾತಿಗೆ ಬಂದರೆ, ಹಂಚು ಅಗ್ಗವಾದರೂ ಅದರ ತೂಕ ಹೊರುವ ಕಬ್ಬಿಣ ಮತ್ತು ಕೂಲಿ ಸೇರಿ ಒಟ್ಟು ಮೊತ್ತ ನಮಗೆ ಬಂದಿದ್ದ ಶೀಟಿನ ಅಂದಾಜಿಗಿಂತ ಸುಮಾರು ಒಂದೂವರೆ ಪಟ್ಟಾಯಿತು.

ಹಾಗಾದರೆ ಇದು ಯಾರಿಗೆ ಹೊಂದುತ್ತದೆ? ಗಟ್ಟಿಯಾದ ಪಿಲ್ಲರಿನ, ಒಂದೆರಡು ಅಂತಸ್ತಿನ ಸ್ವಂತ ಮನೆಯವರಿಗೆ ಧೈರ್ಯದಿಂದ ಹೇಳುತ್ತೇನೆ. ಫ್ಲ್ಯಾಟಿನವರಿಗೆ ಇದು ಆಗದು, ಮೇಲಂತಸ್ತಿನವರು ಸೇರಿ ತಾರಸಿಗೆ ಬಿಳಿಬಣ್ಣ ಹೊಡೆಸಬಹುದು. ಪಿಲ್ಲರಿಲ್ಲದೆ ಕೆಂಪುಕಲ್ಲಿನ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸಿದ ಹಳೆಯ ಮನೆಯಾದರೆ ಎಂಜಿನಿಯರ್ ಒಪ್ಪಿದರೆ ಮಾತ್ರ. ಸೋಲಾರ್ ಹಾಕಿಸುವ ಮನಸ್ಸಿದ್ದವರು ಫಲಕಗಳನ್ನು ಎತ್ತರದ ಚೌಕಟ್ಟಿನ ಮೇಲೆ ಕೂರಿಸಿದರೆ ಅವೇ ಸ್ಲ್ಯಾಬಿಗೆ ನೆರಳಾಗುತ್ತವೆ, ಆಗ ಹಂಚನ್ನು ಉಳಿದ ಭಾಗಕ್ಕೆ ಮಾತ್ರ ಯೋಚಿಸಬಹುದು.

ಹೊಸದಾಗಿ ಕಟ್ಟುವವರಿಗಾದರೆ ಸ್ಲ್ಯಾಬ್ ಹಾಕಿ ಅದರ ಮೇಲೆ ಮತ್ತೊಂದು ಮಾಡು ಕಟ್ಟುವ ಎರಡು ಖರ್ಚೇ ಬೇಕಿಲ್ಲ. ಮೇಲಂತಸ್ತಿಗೆ ನೇರವಾಗಿ ಹಂಚಿನ ಮಾಡು ಹೊದೆಸಿ ಅದರಡಿ ಮರದ ಮುಚ್ಚಿಗೆ ಹಾಕಬಹುದು, ಇಲ್ಲವೇ ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ರೂಢಿಗೆ ತಂದಂತೆ ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟಿನ ಜಾಗದಲ್ಲಿ ಹಳೆಯ ಹಂಚನ್ನು ಜೋಡಿಸಿ ಫಿಲ್ಲರ್ ಸ್ಲ್ಯಾಬ್ ಮಾಡಿಸಬಹುದು, ಅದರಿಂದ ಸಿಮೆಂಟೂ ಉಳಿಯುತ್ತದೆ. ನಕ್ಷೆ ಬರೆಸುವ ಮೊದಲು ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ, ಬೇರೆಡೆಯಿಂದ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಳೆಯ ಮನೆಗಳನ್ನು ನಿಧಾನವಾಗಿ ನೋಡಿ ಬನ್ನಿ. ಕೆತ್ತನೆಯ ಕಂಬಗಳಿಗಿಂತ ಹೆಚ್ಚಾಗಿ ಜಗಲಿಯ ಅಗಲ, ಮಾಡು ಎಷ್ಟು ಕೆಳಗಿನವರೆಗೆ ಇಳಿದಿದೆ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿ. ಜೊತೆಗೆ ನಿಮ್ಮ ಎಂಜಿನಿಯರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಕೆಲಸವನ್ನು ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಆರಂಭಿಸಿದರೆ ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ತಡವಾದರೂ ಪತ್ತನಾಜೆಯೊಳಗೆ (ತುಳುನಾಡಿನಲ್ಲಿ ಮಳೆಗಾಲದ ಹೊಸ್ತಿಲೆನಿಸುವ, ಮೇ ಕೊನೆಯ ಭಾಗದ ದಿನ) ಅಂಚಿನ ತಂತಿ ಕಟ್ಟಿ ಆಗಿರಲೇಬೇಕು. ಉಳಿದ ಹಂಚನ್ನು ಯಾರಿಗೂ ಕೊಡದೆ ತಾರಸಿಯ ಮೂಲೆಯಲ್ಲಿ, ಒಂದರ ಮೇಲೊಂದು ಮಲಗಿಸದೆ, ಗೋಡೆಗೆ ಒರಗಿಸಿ ನಿಲ್ಲಿಸಿಡಿ. ಬದಲಾಯಿಸಬೇಕಾಗಿ ಬಂದಾಗ ಅದೇ ಕಾರ್ಖಾನೆಯ ಹಂಚು ಅಲ್ಲಿಯೇ ಸಿಗುತ್ತದೆ.